ಕೆರೆಗೆ ಮೀನುಮರಿ ಬಿಡುವ ಮುನ್ನ

ಹಾನಗಲ್ ತಾಲ್ಲೂಕಿನ ನಮ್ಮೂರಿಗೆ ಹೋದ ತಿಂಗಳು ಹೋಗಿದ್ದಾಗ ಕೆರೆಯ ನೀರಿಗೆ ಕೈ ಇಳಿಸಿ ನೋಡಿದೆ. ಮಣಿಕಟ್ಟು ಮುಳುಗುವಷ್ಟರಲ್ಲಿ ಬೆರಳುಗಳು ಕಾಣದಾದವು. ನಾನು ಹುಡುಗನಾಗಿದ್ದಾಗ ಇದೇ ತೂಬಿನ ಕಟ್ಟೆಯ ಮೇಲೆ ಕುಳಿತರೆ ಮೊಣಕಾಲುದ್ದದ ನೀರಿನ ತಳದಲ್ಲಿ ಬೆಳೆದ ಸಸ್ಯಗಳೂ ಅವುಗಳ ನಡುವೆ ನುಸುಳುವ ಮೀನುಗಳೂ ಕಾಣುತ್ತಿದ್ದವು. ಈಗಿರುವುದು ಮಳೆಗಾಲದ ಕೆಂಪು ನೀರಲ್ಲ, ಬೇಸಿಗೆಯಲ್ಲಿಯೂ ತಿಳಿಯಾಗದ ಹಸಿರು ರಾಡಿ. ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರನ್ನು ಏನು ಸಿಕ್ಕಿತೆಂದು ಕೇಳಿದೆ. “ಏನ್ ಸಿಗ್ತೈತಿ ತಮ್ಮಾ, ಬರೇ ಜಿಲೇಬಿ. ಕೊರವ ನೋಡಿ ನಾಕೈದು ವರ್ಷ ಆತು” ಎಂದರು.

ನಾವು ಜಿಲೇಬಿ ಎಂದು ಕರೆಯುವ ತಿಲಾಪಿಯಾ ಆಫ್ರಿಕಾ ಮೂಲದ ಮೀನು. ಭಾರತಕ್ಕೆ ಅದು ಬಂದದ್ದು 1952ರಲ್ಲಿ. ಹೆಣ್ಣು ಮೀನು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುವುದರಿಂದಲೂ ವರ್ಷದಲ್ಲಿ ಹಲವು ಬಾರಿ ಮರಿ ಮಾಡುವುದರಿಂದಲೂ ಅದರ ಸಂತತಿ ಬೇಗನೆ ಕೆರೆ ತುಂಬುತ್ತದೆ. ತುಂಬಿದ ಮೇಲೆ ಮೀನು ಗೇಣುದ್ದಕ್ಕೂ ಬೆಳೆಯುವುದಿಲ್ಲವಾದ್ದರಿಂದ ಹಿಡಿದವನಿಗೆ ಬೆಲೆಯೂ ಸಿಗುವುದಿಲ್ಲ. ಇನ್ನೊಂದು ಪರದೇಶದ ಮೀನು ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್). ಇದು ತಳದ ಕೆಸರನ್ನು ಬಾಯಿಂದ ಹೀರಿ, ಹುಳುಗಳನ್ನು ಉಳಿಸಿಕೊಂಡು ಮಿಕ್ಕದ್ದನ್ನು ಉಗುಳುತ್ತದೆ. ಸಾವಿರಾರು ಮೀನುಗಳು ದಿನವಿಡೀ ಹೀಗೆ ತಳ ಕೆದಕುತ್ತಿದ್ದರೆ ನೀರಿನೊಳಗಿನ ಸಸ್ಯಗಳ ಬೇರು ಕಿತ್ತುಬರುತ್ತದೆ, ಹೂಳಿನಲ್ಲಿ ಅಡಗಿದ್ದ ರಂಜಕ (ಫಾಸ್ಫರಸ್) ಮತ್ತೆ ನೀರಿಗೆ ಸೇರುತ್ತದೆ, ಆ ರಂಜಕವನ್ನು ಉಂಡು ಪಾಚಿ ಬೆಳೆಯುತ್ತದೆ, ಪಾಚಿ ಬಿಸಿಲನ್ನು ತಡೆದು ಉಳಿದ ಸಸ್ಯಗಳನ್ನೂ ಕೊಲ್ಲುತ್ತದೆ. ಬೇರು ಹಿಡಿದಿಟ್ಟುಕೊಳ್ಳದ ಕೆಸರು ಆಮೇಲೆ ಸಣ್ಣ ಗಾಳಿಗೂ ಕದಡುತ್ತದೆ. 2000ದಲ್ಲೇ ನಿಷೇಧವಾದ ಆಫ್ರಿಕನ್ ಕ್ಯಾಟ್‌ಫಿಶ್ ಕೂಡ ಇಂಥ ನೀರಿನಲ್ಲಿ ಹಾಯಾಗಿ ಬದುಕುತ್ತದೆ, ಏಕೆಂದರೆ ಅದು ಮೇಲಕ್ಕೆ ಬಂದು ಗಾಳಿಯನ್ನೇ ಉಸಿರಾಡಬಲ್ಲದು.

ಆದರೆ ಮೀನುಗಳನ್ನಷ್ಟೇ ದೂರಿದರೆ ಅನ್ಯಾಯವಾಗುತ್ತದೆ. ನಮ್ಮೂರಿನ ಹೊಸ ಬಡಾವಣೆಯ ಗಟಾರದ ನೀರು ನೇರವಾಗಿ ಕೆರೆಯ ಮೂಲೆಗೆ ಬಂದು ಬೀಳುತ್ತದೆ. ಬಚ್ಚಲಿನ ಸಾಬೂನು, ಶೌಚದ ನೀರು, ಗದ್ದೆಗಳಿಂದ ಹರಿದುಬರುವ ಗೊಬ್ಬರ ಎಲ್ಲವೂ ಪಾಚಿಗೆ ಆಹಾರ. ಆ ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಕುಸಿಯುತ್ತದೆ. ನಮ್ಮ ಸೂಕ್ಷ್ಮ ಮೀನುಗಳು ಮೊದಲು ಸಾಯುತ್ತವೆ, ತಡೆದುಕೊಳ್ಳುವ ಪರದೇಶದ ಮೀನುಗಳು ಉಳಿಯುತ್ತವೆ. ಅಂದರೆ ಗಟಾರವೇ ಈ ಮೀನುಗಳಿಗೆ ಹಾದಿ ಮಾಡಿಕೊಟ್ಟಿದೆ.

ಈ ಎರಡನ್ನೂ ಒಟ್ಟಿಗೆ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೆನಡಾದ ಹ್ಯಾಮಿಲ್ಟನ್ ನಗರದ ಕೂಟ್ಸ್ ಪ್ಯಾರಡೈಸ್ ಎಂಬ ಜೌಗುನೆಲದ ಕಥೆಯನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಅಲ್ಲಿ ಗೆಂಡೆಗಳ ಹಾವಳಿ ಮತ್ತು ಕೊಳಚೆಯಿಂದ ಸಸ್ಯಗಳು ಬಹುಪಾಲು ನಾಶವಾಗಿದ್ದವು. 1990ರ ದಶಕದ ಕೊನೆಯಲ್ಲಿ ಜೌಗಿನ ಬಾಯಿಗೆ ತಡೆ ಕಟ್ಟಿ, ದೊಡ್ಡ ಗೆಂಡೆಗಳನ್ನು ಹೊರಗೇ ನಿಲ್ಲಿಸಿ, ಸ್ಥಳೀಯ ಮೀನುಗಳನ್ನು ಕೈಯಿಂದ ಆರಿಸಿ ಒಳಕ್ಕೆ ಬಿಡತೊಡಗಿದರು. ಗೆಂಡೆಗಳು ಬಹಳಷ್ಟು ಕಡಿಮೆಯಾದವು, ಕೆಲವೆಡೆ ಸಸ್ಯಗಳು ಮರಳಿದವು. ಆದರೂ ಪೂರ್ಣ ಚೇತರಿಕೆ ಆಗಲಿಲ್ಲ, ಏಕೆಂದರೆ ಕೊಳಚೆ ನಿಂತಿರಲಿಲ್ಲ. 2014ರಿಂದ 2018ರವರೆಗೆ ಅಲ್ಲಿಗೆ ಹರಿಯುವ ಒಂದು ಹಳ್ಳಕ್ಕೆ ಸುಮಾರು 2,400 ಕೋಟಿ ಲೀಟರ್ ಕೊಳಚೆ ಸೋರಿತ್ತೆಂಬುದು ಆಮೇಲೆ ಬಯಲಾಯಿತು. ಅಷ್ಟು ವರ್ಷಗಳ ಕೈಕೆಲಸದ ಮೇಲೆ ಬಂದು ಬಿದ್ದ ಆ ಹೊಲಸನ್ನು ನೆನೆದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಹುಬ್ಬಳ್ಳಿಯ ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಉಣಕಲ್ ಕೆರೆಯ ಅಂತರಗಂಗೆಯನ್ನು ತೆಗೆದದ್ದನ್ನೂ ಅದು ಮತ್ತೆ ಹರಡಿದ್ದನ್ನೂ ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇವೆ. ಕೊಳಚೆಯ ಸಾರ ಇರುವ ತನಕ ಅದು ಬೆಳೆದೇ ಬೆಳೆಯುತ್ತದೆ.

“ನೀರಾವರಿ ಕೆರೆ ತಾನೆ, ಇಷ್ಟೆಲ್ಲ ಯಾಕೆ” ಎಂದು ಊರಿನಲ್ಲಿ ಕೆಲವರು ಕೇಳಿದರು. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯೂ ಮಳೆನೀರು ಹಿಡಿಯಲು ಮನುಷ್ಯರು ಕಟ್ಟಿದ ನೀರಾವರಿ ಕೆರೆಯೇ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಪ್ರತಿ ಚಳಿಗಾಲ ಸಾವಿರಗಟ್ಟಲೆ ಅಲ್ಲಿ ತಂಗುತ್ತವೆ. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಕಾಣುವ ಹಾವಕ್ಕಿ ನೀರಿನೊಳಗೆ ಈಜಿ, ಕಣ್ಣಿಂದ ಕಂಡು ಮೀನನ್ನು ಕೊಕ್ಕಿನಿಂದ ತಿವಿಯುವ ಹಕ್ಕಿ. ನಮ್ಮೂರ ರಾಡಿಯಲ್ಲಿ ಅದು ಏನನ್ನು ನೋಡೀತು?

ನಾನು ಕೇಳುವ ಕೆಲಸಕ್ಕೆ ಒಂದು ಅನುಕ್ರಮವಿದೆ. ಮೊದಲು ಗಟಾರವನ್ನು ಕೆರೆಯಿಂದ ತಿರುಗಿಸಬೇಕು. ಬಳಿಕ ಏಪ್ರಿಲ್–ಮೇ ತಿಂಗಳಲ್ಲಿ ನೀರು ಗುಂಡಿಗಳಿಗೆ ಇಳಿದಾಗ ಸಣ್ಣ ಕಣ್ಣಿನ ಬಲೆಯಿಂದ ಜಿಲೇಬಿ, ಗೆಂಡೆ, ಕ್ಯಾಟ್‌ಫಿಶ್ ಮರಿಗಳನ್ನೂ ಬಿಡದೆ ಹಿಡಿಯಬೇಕು; ಆ ಕೂಲಿ ಊರಿನ ಮೀನುಗಾರರಿಗೇ ಸಲ್ಲಬೇಕು. ಮಳೆಯ ನಂತರ ಕೊರವ, ಚೇಳು ಮೀನಿನಂಥ ನಮ್ಮ ನೀರಿನ ಮೀನುಗಳನ್ನು ಬಿಡಬೇಕು. ಕೊರವ ಬೇಟೆಯ ಮೀನು, ಉಳಿದ ಜಿಲೇಬಿ ಮರಿಗಳನ್ನು ಅದು ತಿನ್ನುತ್ತದೆ. ಕಾಟ್ಲಾ, ರೋಹು ಬಿಡೋಣ ಎಂಬವರಿದ್ದಾರೆ. ಅವೂ ಉತ್ತರದ ನದಿಗಳಿಂದ ತಂದವೇ. ಮೀನುಗಾರರ ಹೊಟ್ಟೆಪಾಡಿನ ದೃಷ್ಟಿಯಿಂದ ಮಿತವಾಗಿ ಒಪ್ಪಬಹುದು, ಆದರೆ ತಳದ ಸಸ್ಯಗಳು ಬೇರೂರಿದ ಮೇಲೆ ಮಾತ್ರ.

ಕೆರೆಯ ಮೀನು ಗುತ್ತಿಗೆಯ ಹರಾಜಿಗೆ ಮುನ್ನ ಯಾವ ಯಾವ ಮೀನಿನ ಮರಿಗಳನ್ನು ಬಿಡಬಾರದು ಎಂಬ ಷರತ್ತನ್ನು ಕರಾರಿನಲ್ಲೇ ಬರೆಸಬೇಕೆಂದು ಅರ್ಜಿ ಸಿದ್ಧಪಡಿಸಿದ್ದೇನೆ. ಬಲೆ ಬಿಡಿಸುತ್ತಿದ್ದ ಆ ಹಿರಿಯರು ಅದಕ್ಕೆ ಮೊದಲು ಹೆಬ್ಬೆಟ್ಟು ಒತ್ತಿದ್ದಾರೆ. ನಮ್ಮೂರಿನವರು ಈ ಬರಹ ಓದುತ್ತಿದ್ದರೆ, ಮುಂದಿನ ಗ್ರಾಮಸಭೆಗೆ ದಯವಿಟ್ಟು ಬನ್ನಿ. ಗಟಾರದ ವಿಷಯವನ್ನು ಅಲ್ಲಿಯೇ ಎತ್ತುತ್ತೇನೆ.