ಹಳೇ ಗಣಿಯನ್ನು ಕಾಡು ಮಾಡಿ ನಡೆದಾಡಲು ಬಿಡಬೇಕೇ?

ಪರ: ಗೇಟು ತೆಗೆಯಿರಿ, ಜನ ನಡೆಯಲಿ

ಗೋವಾದ ಬಿಚೋಲಿಂನಿಂದ ಸಾಖಳಿ ಕಡೆ ಹೋಗುವಾಗ ಒಮ್ಮೆ ಸುತ್ತ ನೋಡಿ. ತಲೆ ಚಪ್ಪಟೆಯಾದ ಗುಡ್ಡಗಳು ಕಾಣುತ್ತವೆ. ಅವು ಮೊದಲಿಂದ ಇದ್ದ ಗುಡ್ಡಗಳಲ್ಲ. ಇಲ್ಲಿ ಒಂದು ಟನ್ ಕಬ್ಬಿಣದ ಅದಿರು ಸಿಗಬೇಕಾದರೆ ಎರಡು ಮೂರು ಟನ್ ಬೇಡದ ಮಣ್ಣು ತೆಗೆಯಬೇಕು. ಅದನ್ನೆಲ್ಲ ಪಕ್ಕದಲ್ಲೇ ಸುರಿದರು. ಗುಡ್ಡ ಇದ್ದಲ್ಲಿ ಹೊಂಡವಾಯಿತು, ಬಯಲಿದ್ದಲ್ಲಿ ಗುಡ್ಡವಾಯಿತು. 2010-11ರ ಒಂದೇ ವರ್ಷದಲ್ಲಿ ಗೋವಾದಿಂದ 5 ಕೋಟಿ ಟನ್‌ಗಿಂತ ಜಾಸ್ತಿ ಅದಿರು ಹೊರದೇಶಕ್ಕೆ ಹೋಯಿತು. ಇಲ್ಲೇ ಉಳಿದ ಮಣ್ಣು ಎಷ್ಟಿರಬಹುದು, ನೀವೇ ಲೆಕ್ಕ ಹಾಕಿ.

ಈ ನೆಲವನ್ನು ಮೊದಲಿನಂತೆ ಮಾಡಲು ಇನ್ನು ಯಾರಿಂದಲೂ ಆಗುವುದಿಲ್ಲ. ಹಾಗಂತ ತಂತಿ ಬೇಲಿ ಹಾಕಿ, ಬೋರ್ಡು ನೇತುಹಾಕಿ ಮರೆತುಬಿಡುವುದಾ? ಬೇಲಿಯ ಒಳಗೆ ಏನಾಗುತ್ತದೆ ಎಂದು ಗಣಿ ಊರಲ್ಲಿ ಬೆಳೆದ ನಮಗೆ ಗೊತ್ತು. ರಾತ್ರಿ ಲಾರಿ ಬಂದು ಕಸ ಸುರಿದು ಹೋಗುತ್ತದೆ. ಇನ್ನೊಂದು ಲಾರಿ ಬಂದು ಮಣ್ಣು ತುಂಬಿಕೊಂಡು ಹೋಗುತ್ತದೆ. ದಿನಾ ನಾಲ್ಕು ಜನ ನಡೆಯುವ ಜಾಗದಲ್ಲಿ ಇದು ಸುಲಭವಲ್ಲ. ನಡೆಯುವವರ ಕಣ್ಣೇ ಕಾವಲು.

ಸಾಖಳಿಯಲ್ಲಿ ಅದಿರು ಮುಗಿದ ಗಣಿಯೊಂದರಲ್ಲಿ ಗಿಡ ನೆಟ್ಟಿದ್ದಾರೆ, ಹೊಂಡದಲ್ಲಿ ಮೀನು ಸಾಕಿದ್ದಾರೆ. ಮನಸ್ಸು ಮಾಡಿದರೆ ಆಗುತ್ತದೆ. ಮಾಡದಿದ್ದರೂ ಕಾಡು ತಾನಾಗಿ ಬರುತ್ತಿದೆ. ಬಿಟ್ಟ ಹೊಂಡದ ಅಂಚಿನಲ್ಲಿ ಬೇಸಿಗೆಯ ಬೆಳಿಗ್ಗೆ ನಿಂತು ನೋಡಿದ್ದೇನೆ. ಯಂತ್ರ ಕಡಿದ ಕೆಂಪು ಗೋಡೆಯ ತುಂಬ ಹೆಬ್ಬೆರಳಿಗಿಂತ ತುಸು ದೊಡ್ಡ ತೂತುಗಳು. ಪತ್ರಂಗ ಹಕ್ಕಿಯ ಗೂಡಿನ ಬಾಯಿಗಳವು. ಹಕ್ಕಿ ಕೊಕ್ಕಿನಲ್ಲಿ ಏರೋಪ್ಲೇನ್ ಚಿಟ್ಟೆ ಕಚ್ಚಿಕೊಂಡು ಬರುತ್ತದೆ. ಒಣ ಕೊಂಬೆ ಮೇಲೆ ಕೂತು ಅದನ್ನು ಟಪಟಪ ಬಡಿಯುತ್ತದೆ. ರೆಕ್ಕೆ ಉದುರಿದ ಮೇಲೆ ಸರ್ರನೆ ತೂತಿನೊಳಗೆ ನುಗ್ಗುತ್ತದೆ. ಗಣಿ ಕಡಿಯದಿದ್ದರೆ ಆ ಗೋಡೆಯೇ ಇರುತ್ತಿರಲಿಲ್ಲ.

ನಮ್ಮ ಅಪ್ಪ ಬಾದಾಮಿ ಕಡೆಯವರು. ಟಿಪ್ಪರ್ ಓಡಿಸಲು ಗೋವಾಕ್ಕೆ ಬಂದವರು. ಗಣಿಯಿಂದ ಮಾಂಡವಿ ನದಿ ದಂಡೆಯ ಜೆಟ್ಟಿಗೆ ಅದಿರು ಹಾಕಬೇಕು, ಅಲ್ಲಿಂದ ಅದು ಬಾರ್ಜ್ ಎಂಬ ಸರಕು ದೋಣಿ ಏರಿ ಬಂದರಿಗೆ ಹೋಗುತ್ತಿತ್ತು. ಟ್ರಿಪ್ಪಿಗೆ ಇಷ್ಟು ಅಂತ ದುಡ್ಡು. ಹಾಗಾಗಿ ಎಲ್ಲರೂ ಓಡಿಸಿದ್ದೇ ಓಡಿಸಿದ್ದು. ಅವ್ವ ಬೆಳಿಗ್ಗೆ ಒಣಹಾಕಿದ ಬಿಳಿ ಅಂಗಿ ಸಂಜೆಗೆ ಕೆಂಪಾಗಿರುತ್ತಿತ್ತು. ಅಂಗಳದ ಮಾವಿನ ಎಲೆ ಮೇಲೆ ನಾವು ಬೆರಳಿನಲ್ಲಿ ಹೆಸರು ಬರೆಯುತ್ತಿದ್ದೆವು. 2012ರ ಸೆಪ್ಟೆಂಬರಿನಲ್ಲಿ ಸರ್ಕಾರ ಗಣಿ ನಿಲ್ಲಿಸಿತು, ಮುಂದಿನ ತಿಂಗಳು ಸುಪ್ರೀಂ ಕೋರ್ಟ್ ಕೂಡ ತಡೆ ಹಾಕಿತು. ರಸ್ತೆ ಬದಿ ಟಿಪ್ಪರ್‌ಗಳು ಸಾಲಾಗಿ ನಿಂತಲ್ಲೇ ತುಕ್ಕು ಹಿಡಿದವು. ಎಷ್ಟೋ ಮಂದಿ ಊರಿಗೆ ವಾಪಸ್ ಹೋದರು. ಅಪ್ಪ ಉಳಿದರು, ಸಿಕ್ಕ ವಾಹನ ಓಡಿಸಿದರು.

ಇಡೀ ವಯಸ್ಸು ಅಪ್ಪ ಕೆಲಸ ಮಾಡಿದ ಜಾಗವನ್ನು ನಾವು ಮಕ್ಕಳು ನೋಡಿಯೇ ಇರಲಿಲ್ಲ. ಗೇಟಿನ ಆಚೆ ಯಾರನ್ನೂ ಬಿಡುತ್ತಿರಲಿಲ್ಲ. ಈಚೆಗೆ ಅನುಮತಿ ಸಿಕ್ಕಿ ಒಂದು ಗುಂಪಿನ ಜೊತೆ ಒಳಗೆ ಹೋದೆವು. ಅಪ್ಪನನ್ನೂ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಗಣಿಯ ಗೋಡೆಯಲ್ಲಿ ಮೆಟ್ಟಿಲಿನಂತೆ ಕಡಿದ ಬೆಂಚುಗಳ ಮೇಲೆಲ್ಲ ಅಕೇಶಿಯಾ, ಗೇರು ಬೆಳೆದಿತ್ತು. ಅಪ್ಪ ಒಂದು ತಿರುವಿನಲ್ಲಿ ನಿಂತು, "ಇಲ್ಲಿ ಲೋಡ್ ಗಾಡಿ ತಿರುಗಿಸೂದು ಭಾಳ ತ್ರಾಸ ಇತ್ತು" ಅಂದರು. ಮಗಳು ಮಣ್ಣುಗುಡ್ಡೆ ತೋರಿಸಿ, "ಅಜ್ಜಾ, ಈ ಗುಡ್ಡ ನೀವು ಹಾಕಿದ್ದೇನು?" ಅಂತ ಕೇಳಿದಳು. "ಹೂಂ ನನ್ನವ್ವಾ, ನಾವ ಹಾಕಿದ್ದು" ಅಂದರು. ಅಪ್ಪ ತಮ್ಮ ಕೆಲಸದ ಬಗ್ಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅವತ್ತೇ. ನಮ್ಮಂಥ ಸಾವಿರಾರು ಕುಟುಂಬಗಳ ಬೆವರು ಆ ಗುಡ್ಡೆಗಳಲ್ಲಿದೆ. ಅಲ್ಲಿ ಕಾಲಿಡುವ ಹಕ್ಕು ನಮಗಿಲ್ಲವೇ?

ಬೇಡ ಅನ್ನುವವರು ಏನು ಹೇಳುತ್ತಾರೆ ಅಂತ ಗೊತ್ತು. ಅಪಾಯ, ಅಪಾಯ, ಅಪಾಯ. ಅವರ ಮಾತು ಕೇಳಿದರೆ ಮಕ್ಕಳು ಮನೆಯಲ್ಲೇ ಮೊಬೈಲ್ ಹಿಡಿದು ಕೂರಬೇಕು. ಕುದುರೆಮುಖ ನೋಡಿ. 2005ರ ಕೊನೆಯಲ್ಲಿ ಅಲ್ಲಿ ಗಣಿ ನಿಂತಿತು. ಇವತ್ತು ಅರಣ್ಯ ಇಲಾಖೆಯ ಅನುಮತಿ ಪಡೆದು, ಗೈಡ್ ಜೊತೆ ಜನ ಬೆಟ್ಟ ಹತ್ತುತ್ತಾರೆ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಇಲ್ಲಿಯೂ ಹಾಗೆ ಮಾಡಿ. ಮಳೆಗಾಲದ ನಾಲ್ಕು ತಿಂಗಳು ಮುಚ್ಚಿ. ಪ್ರವೇಶದ ದುಡ್ಡು ಪಂಚಾಯಿತಿಗೆ ಹೋಗಲಿ. ಗೈಡ್ ಕೆಲಸ ಗಣಿಯಲ್ಲಿ ದುಡಿದವರಿಗೇ ಕೊಡಿ, ಒಂದೊಂದು ತಿರುವೂ ಅವರಿಗೆ ಗೊತ್ತಿದೆ. ಇದೆಲ್ಲ ಬೇಗ ಆಗಬೇಕು. 2022ರ ಕೊನೆಯಿಂದ ಗಣಿಗಳ ಹರಾಜು ಶುರುವಾಗಿದೆ. ಅದಿರು ಮುಗಿದ ಜಾಗಗಳನ್ನು ಈಗಲೇ ಕಾಡಿನ ಲೆಕ್ಕಕ್ಕೆ ಸೇರಿಸದಿದ್ದರೆ ಆಮೇಲೆ ಕೇಳಲು ಜಾಗವೇ ಇರುವುದಿಲ್ಲ.

ವಿರೋಧ: ಮೊದಲು ನೀರಿನ ಮಾತಾಡೋಣ

ವಿರೋಧದ ಕಡೆಯಿಂದ ಬರೆಯಿರಿ ಎಂದು ಸಂಘದವರು ಕೇಳಿದಾಗ ನಾನು ತಕ್ಷಣ ಹೂಂ ಅನ್ನಲಿಲ್ಲ. ನಡೆಯುವುದು ಬೇಡ ಅಂತ ಯಾರು ಹೇಳುತ್ತಾರೆ? ನಾನೂ ದಿನಾ ಬೆಳಿಗ್ಗೆ ಮಡಗಾಂವ್‌ನಲ್ಲಿ ನಡೆಯುತ್ತೇನೆ. ಆದರೆ ಗಣಿ ಹೊಂಡದ ಸುತ್ತ ವಾಕಿಂಗ್ ದಾರಿ ಮಾಡುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಅದು ನೀರಿನದು.

ಶಿರಗಾಂವ್ ಹೆಸರು ಲೈರಾಯಿ ದೇವಿಯ ಜಾತ್ರೆಯಿಂದ ಎಲ್ಲರಿಗೂ ಗೊತ್ತು. ಅಲ್ಲಿ ಗಣಿ ಆಳಕ್ಕೆ ಹೋದಂತೆ ಊರ ಬಾವಿಗಳು ಬತ್ತಿದವು. ನೆಲದ ನೀರಿನ ಮಟ್ಟಕ್ಕಿಂತ ಕೆಳಗೆ ಅಗೆದರೆ, ಪಂಪ್ ಹಚ್ಚಿ ನೀರು ಹೊರಗೆ ಹಾಕುತ್ತಲೇ ಇರಬೇಕು. ಆಗ ಬಾವಿ ನೀರೂ ಇಳಿಯುತ್ತದೆ. ಪಂಪ್ ನಿಂತರೆ ಹೊಂಡ ತುಂಬುತ್ತದೆ. ನೋಡಲು ಚಂದದ ಕೆರೆ, ಹಸಿರು ನೀರು. ಆದರೆ ಅದಕ್ಕೆ ಕೆರೆಯಂತೆ ಇಳಿಜಾರು ದಡವಿಲ್ಲ. ಕಾಲು ಜಾರಿದರೆ ನೇರ ಆಳಕ್ಕೆ.

ಮಣ್ಣುಗುಡ್ಡೆಯ ಕತೆಯೂ ನೀರಿನದೇ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸಡಿಲ ಮಣ್ಣು ಹಳ್ಳಕ್ಕೆ ಇಳಿಯುತ್ತದೆ, ಹಳ್ಳದಿಂದ ಗದ್ದೆಗೆ. ಹಿಂದೆ ನಾವು ಕೇಪೆ ಕಡೆ ಬಾಡಿಗೆಗೆ ಇದ್ದೆವು. ಮನೆ ಯಜಮಾನರಿಗೆ ಸ್ವಲ್ಪ ಗದ್ದೆ ಇತ್ತು. ಒಂದು ಮಳೆಗಾಲ ಜೋರು ಮಳೆಯ ಮರುದಿನ ಅವರ ಹೆಂಡತಿ ನನ್ನನ್ನು ಕರೆದು ತೋರಿಸಿದರು. ನಾಟಿ ಮಾಡಿದ ಸಸಿಯ ತುದಿ ಮಾತ್ರ ಕಾಣುತ್ತಿತ್ತು, ಉಳಿದದ್ದೆಲ್ಲ ಕೆಂಪು ರಾಡಿ. ಆಕೆ ಬಗ್ಗಿ ಒಂದು ಸಸಿ ಕಿತ್ತು, ಸೀರೆ ಸೆರಗಿನಲ್ಲಿ ಒರೆಸಿದರು. ಏನೂ ಮಾತಾಡಲಿಲ್ಲ. ಮುಂದಿನ ವರ್ಷ ಆ ಗದ್ದೆ ಬೀಳು ಬಿತ್ತು. ಆ ಗದ್ದೆಗೆ ಏನು ಪರಿಹಾರ ಅಂತ ಹೇಳದೆ ಮೇಲಿನ ಗುಡ್ಡೆಯಲ್ಲಿ ಹಕ್ಕಿ ನೋಡಲು ಬನ್ನಿ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಕಾಡು. ಡಂಪ್ ಅನ್ನುವ ಈ ಮಣ್ಣುಗುಡ್ಡೆಗಳ ಮೇಲೆ ನೆಟ್ಟಿದ್ದು ಹೆಚ್ಚಾಗಿ ಆಸ್ಟ್ರೇಲಿಯಾದ ಅಕೇಶಿಯಾ. ಬೇಗ ಬೆಳೆಯುತ್ತದೆ, ಮಣ್ಣು ಹಿಡಿಯುತ್ತದೆ, ಒಪ್ಪುತ್ತೇನೆ. ಆದರೆ ಅದರ ಎಲೆ ಬೇಗ ಕೊಳೆಯುವುದಿಲ್ಲ, ಬುಡದಲ್ಲಿ ಬೇರೆ ಗಿಡ ಬರುವುದೂ ಕಷ್ಟ. ಉತ್ತರ ಕನ್ನಡದವರನ್ನು ಕೇಳಿ, ಹೇಳುತ್ತಾರೆ. ಕುದುರೆಮುಖದ ಉದಾಹರಣೆಯೂ ಇಲ್ಲಿಗೆ ಸರಿಹೋಗುವುದಿಲ್ಲ. ಅಲ್ಲಿ ಚಾರಣದ ದಾರಿ ಇರುವುದು ಶೋಲಾ ಕಾಡು, ಹುಲ್ಲುಗಾವಲಿನ ಮೇಲೆ. ಅಗೆದ ಗುಡ್ಡದ ಮೇಲಲ್ಲ.

ಜನ ನಡೆದರೆ ಕಳ್ಳತನ ನಿಲ್ಲುತ್ತದೆ ಅನ್ನುತ್ತಾರೆ. ಕಾವಲು ಕಾಯುವುದು ಇಲಾಖೆಯ ಕೆಲಸ, ಬೂಟು ಹಾಕಿಕೊಂಡು ಬಂದ ಪ್ರವಾಸಿಯದ್ದಲ್ಲ. ಗೈಡ್ ಕೆಲಸ, ಟಿಕೆಟ್ ದುಡ್ಡು ಎಲ್ಲ ಕೇಳಲು ಚಂದ. ಟಿಕೆಟ್ ಬಂದಲ್ಲಿ ಪಾರ್ಕಿಂಗ್ ಬರುತ್ತದೆ, ಆಮೇಲೆ ರೆಸಾರ್ಟ್. ಗೋವಾದಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಡೆಯಲು ನಿಜವಾದ ಕಾಡು ನಮಗೆ ಕಡಿಮೆ ಇಲ್ಲ. ಮೊಲ್ಲೆಂ ಇದೆ. 1999ರಲ್ಲಿ ಘೋಷಿಸಿದ ನೇತ್ರಾವಳಿ, ಮಹದಾಯಿ ಅಭಯಾರಣ್ಯಗಳಿವೆ. ಮಹದಾಯಿಯಲ್ಲಿ 2020ರ ಜನವರಿಯಲ್ಲಿ ಒಂದು ಹೆಣ್ಣುಹುಲಿ, ಅದರ ಮೂರು ಮರಿಗಳು ವಿಷಕ್ಕೆ ಬಲಿಯಾದವು. ಹುಲಿ ರಕ್ಷಿತ ಪ್ರದೇಶ ಘೋಷಿಸಿ ಎಂದು 2023ರ ಜುಲೈನಲ್ಲಿ ಹೈಕೋರ್ಟ್ ಹೇಳಬೇಕಾಯಿತು. ಇರುವ ಕಾಡಿನ ಗತಿಯೇ ಹೀಗಿರುವಾಗ ಸಿಬ್ಬಂದಿ, ದುಡ್ಡು ಎರಡೂ ಅಲ್ಲಿಗೆ ಮೊದಲು ಹೋಗಬೇಕು, ಅಲ್ವಾ?

ಗಣಿಯಲ್ಲಿ ದುಡಿದವರ ಮಕ್ಕಳಿಗೆ ಆ ಜಾಗ ನೋಡುವ ಆಸೆ ಇರುವುದು ಸಹಜ. ವರ್ಷಕ್ಕೊಮ್ಮೆ ಅವರಿಗೆ ಅವಕಾಶ ಕೊಡಲಿ. ಎಲ್ಲರಿಗೂ ತೆರೆಯುವ ಮಾತು ಆಮೇಲೆ. ಹೊಂಡದ ನೀರನ್ನು ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಪಂಚಾಯಿತಿ ಬೋರ್ಡಿಗೆ ಹಚ್ಚಲಿ. ಡಂಪ್‌ನ ಬುಡಕ್ಕೆ ಕಲ್ಲಿನ ತಡೆಗೋಡೆ ಕಟ್ಟಲಿ. ಕೆಳಗಿನ ಗದ್ದೆಯ ಹೂಳು ತೆಗೆಸಿ, ಆ ರೈತರು ಮತ್ತೆ ನಾಟಿ ಮಾಡಲಿ. ಅಷ್ಟಾದ ಮೇಲೆ ಗೇಟು ತೆರೆಯುತ್ತೇವೆ ಎಂದರೆ ನನ್ನ ವಿರೋಧ ಇರುವುದಿಲ್ಲ.