ಅಜೇಲಿಯಾಗೆ ಬೂದಿ, ಮೊಟ್ಟೆ ಸಿಪ್ಪೆ ಬೇಡ: ಒಂದು ಸ್ಪಷ್ಟನೆ

ಅಜೇಲಿಯಾ ಎಲೆ ಹಳದಿಯಾದರೆ ಒಲೆ ಬೂದಿ, ಮೊಟ್ಟೆ ಸಿಪ್ಪೆ ಪುಡಿ ಹಾಕಿ ಅನ್ನುವ ಮೆಸೇಜ್ ಕಲಬುರಗಿಯ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ದಯವಿಟ್ಟು ಹಾಕಬೇಡಿ.

ಅಜೇಲಿಯಾ ಅಂದರೆ ರೋಡೋಡೆಂಡ್ರಾನ್ ಕುಲದ ಹೂಗಿಡವೇ. ಅದಕ್ಕೆ ಹುಳಿ ಮಣ್ಣು ಬೇಕು, ಪಿಎಚ್ 4.5ರಿಂದ 6ರ ಒಳಗೆ (ಪಿಎಚ್ 7ಕ್ಕಿಂತ ಕಡಿಮೆ ಅಂದರೆ ಹುಳಿ, ಹೆಚ್ಚು ಅಂದರೆ ಕ್ಷಾರ). ನಮ್ಮ ಎರೆಮಣ್ಣಿನ ಪಿಎಚ್ ಸಾಮಾನ್ಯವಾಗಿ 8ರ ಆಸುಪಾಸು, ಮೇಲೆ ಬೋರ್‌ವೆಲ್ಲಿನ ಗಡಸು ನೀರು ಬೇರೆ, ಹಾಗಾಗಿ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಎಳೆ ಎಲೆ ಹತ್ತಿರದಿಂದ ನೋಡಿ. ನರ ಹಸಿರು, ನಡುವೆಲ್ಲ ಹಳದಿ, ಅಲ್ವಾ? ಕಬ್ಬಿಣ ಸಿಗದ ಗುರುತು ಅದೇ. ಬೂದಿ, ಸಿಪ್ಪೆ ಎರಡೂ ಹುಳಿ ಕಡಿಮೆ ಮಾಡುತ್ತವೆ, ಅಂದರೆ ರೋಗ ಜಾಸ್ತಿಯಾಗುತ್ತದೆ. ಕುಂಡದ ತಳಕ್ಕೆ ಶಹಾಬಾದ್ ಕಲ್ಲಿನ ಚೂರೂ ಬೇಡ, ಅದು ಸುಣ್ಣದ ಕಲ್ಲೇ.

ಕುಂಡದಲ್ಲೇ ಬೆಳೆಸಿ. ಪೀಟ್ (ಜೌಗಿನಲ್ಲಿ ಕೊಳೆತ ಸಸ್ಯಗಳ ಹುಳಿ ಮಣ್ಣು), ಕೊಳೆತ ಎಲೆಗೊಬ್ಬರ ಬೆರೆಸಿ, ಹಿಡಿದಿಟ್ಟ ಮಳೆನೀರು ಕೊಡಿ. ಬೇರು ಮೇಲ್ಮೇಲೇ ಇರುತ್ತದೆ, ಸುಮ್ನೆ ಕೆದಕಬೇಡಿ, ಒಣ ಎಲೆ ಮುಚ್ಚಿ. ಹುಳಿ ಮಣ್ಣಿನ ಗಿಡಗಳ ಗೊಬ್ಬರ ಹೂ ಮುಗಿದ ಮೇಲೆ ಸ್ವಲ್ಪವೇ ಸಾಕು. ಹಳದಿ ಹೋಗದಿದ್ದರೆ ಇಡಿಡಿಎಚ್‌ಎ ಕಬ್ಬಿಣ ಅನ್ನುವ ಗೊಬ್ಬರ ಕೇಳಿ ತನ್ನಿ, ಕ್ಷಾರದ ಮಣ್ಣಿನಲ್ಲೂ ಅದು ಕೆಲಸ ಮಾಡುತ್ತದೆ. ಏಪ್ರಿಲ್-ಮೇ ತಿಂಗಳ 40 ಡಿಗ್ರಿ ಬಿಸಿಲಲ್ಲಂತೂ ನೆರಳು ಬೇಕೇ ಬೇಕು.