ಆಸ್ಪತ್ರೆಯಲ್ಲಿ ಕೆಲಸ ಬೇಕು, ಅದಕ್ಕೆ ಡಿಗ್ರಿ ಬೇಕೆ?

ನೀಟ್ ಫಲಿತಾಂಶ ಬಂದ ವಾರ ಬೆಂಗಳೂರಿನ ಪಿಸಿಎಂಬಿ ಮಕ್ಕಳಿರುವ ಮನೆಗಳಲ್ಲಿ ಯಾರಿಗೂ ಊಟ ಸೇರುವುದಿಲ್ಲ. 2024ರಲ್ಲಿ ಆ ಪರೀಕ್ಷೆಗೆ ಹೆಸರು ಕೊಟ್ಟವರು ದೇಶದಲ್ಲಿ ಸುಮಾರು 24 ಲಕ್ಷ. ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಉಳಿದವರ ಮನೆಗೆ ಯಾರಾದರೂ ನೆಂಟರು ಬಂದು, "ಅಲೈಡ್ ಹೆಲ್ತ್‌ಗೆ ಸೇರಿಸಿಬಿಡಿ" ಅನ್ನುತ್ತಾರೆ. ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್, ಓಟಿ, ಹೃದಯದ ಆಪರೇಷನ್ ವೇಳೆ ರಕ್ತ ಓಡಿಸುವ ಪರ್ಫ್ಯೂಷನ್, ಎಲ್ಲಕ್ಕೂ ಈಗ ಬಿಎಸ್ಸಿ ಇದೆ. ಸೇರಿಸಬೇಕೆ? ಕೆಳಗೆ ಬರೆದಿರುವ ಇಬ್ಬರೂ ಇದೇ ಊರಿನಲ್ಲಿ ದಿನವೂ ಗ್ಲೌಸ್ ಹಾಕುವವರು.

ಪರ: ಗುಂಡಿ ಒತ್ತುವುದಕ್ಕಾದರೆ ಮೂರು ತಿಂಗಳು ಸಾಕಿತ್ತು
(ಹನ್ನೊಂದು ವರ್ಷದಿಂದ ಡಯಾಲಿಸಿಸ್ ಟೆಕ್ನಾಲಜಿಸ್ಟ್)

ನಮ್ಮ ಯೂನಿಟ್‌ನಲ್ಲಿ ಬೆಳಗ್ಗೆ ಐದೂವರೆಗೆ ಮೊದಲು ಬೀಗ ತೆಗೆಯುವುದು ನೀರು ಶುದ್ಧ ಮಾಡುವ ಆರ್‌ಒ ಕೋಣೆಯದ್ದು. ರೋಗಿಗಳು ಬರುವ ಹೊತ್ತಿಗೆ ನೀರಿನ ಲೆಕ್ಕ ಮುಗಿದಿರಬೇಕು. ಡಯಾಲಿಸಿಸ್ ಮಿಷಿನ್‌ನಲ್ಲಿ ನಿಮಿಷಕ್ಕೆ 500 ಮಿಲಿಲೀಟರ್‌ನಂತೆ ದ್ರಾವಣ ಹರಿಯುತ್ತದೆ. ನಾಲ್ಕು ಗಂಟೆಗೆ 120 ಲೀಟರ್. ನಾವು ಕುಡಿಯುವ ಎರಡು ಲೀಟರ್ ನೀರನ್ನು ಹೊಟ್ಟೆ, ಕರುಳು ಸೋಸಿಕೊಂಡು ಒಳಗೆ ಬಿಡುತ್ತವೆ. ಇಲ್ಲಿ 120 ಲೀಟರಿಗೂ ರೋಗಿಯ ರಕ್ತಕ್ಕೂ ನಡುವೆ ಇರುವುದು ಒಂದು ತೆಳು ಪೊರೆ, ಅಷ್ಟೆ.

2024ರ ಮಾರ್ಚ್ ನೆನಪಿದೆಯಲ್ಲ? ಬೋರ್‌ವೆಲ್‌ಗಳು ಬತ್ತಿ ಊರೆಲ್ಲ ಟ್ಯಾಂಕರ್ ಹಿಂದೆ ಓಡುತ್ತಿದ್ದ ಬೇಸಿಗೆ. ಒಂದು ಬೆಳಗ್ಗೆ, ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ದಾಟಿ ಬಂದ ನೀರು ಹಿಡಿದು, ಗಡಸುತನ ನೋಡುವ ಹನಿ ಹಾಕಿದೆ. ಮೆದು ನೀರಾದರೆ ನೀಲಿ ತಿರುಗಬೇಕು. ಗುಲಾಬಿಯೇ ನಿಂತಿತು. ಇನ್ನೊಂದು ಲೋಟ ಹಿಡಿದೆ, ಮತ್ತೆ ಗುಲಾಬಿ. ಹಿಂದಿನ ದಿನ ಬಂದ ಟ್ಯಾಂಕರ್ ಯಾವ ಬೋರಿನದೋ, ಸುಣ್ಣದಂಥ ನೀರು. ಹೊರಗೆ ಎಂಟು ಜನ ತೂಕ ನೋಡಿಸಿಕೊಂಡು ಕೂತಿದ್ದಾರೆ. ಮೇಲಿನವರು, "ಶುರು ಮಾಡಿ, ಆರ್‌ಒ ಇದೆಯಲ್ಲ" ಅಂದರು. ನಾನು ಆಗಲ್ಲ ಅಂದೆ. ಉಪ್ಪು ಹಾಕಿ ಸಾಫ್ಟ್‌ನರ್ ತೊಳೆದು, ಬಣ್ಣ ನೀಲಿಗೆ ಬರುವಷ್ಟರಲ್ಲಿ ಒಂದೂವರೆ ಗಂಟೆ. ಮಾಗಡಿಯಿಂದ ಮೊದಲ ಬಸ್ಸಿಗೆ ಬಂದಿದ್ದ ಅಜ್ಜ ನನ್ನನ್ನು ಚೆನ್ನಾಗಿ ಬೈದರು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ರಕ್ತಕ್ಕೆ ಇಳಿದರೆ ವಾಂತಿ, ತಲೆನೋವು, ಬಿಪಿ ಏರುವುದು, ಇವೆಲ್ಲ ಆಗುತ್ತವೆ ಅಂತ ಅವರಿಗೆ ಹೇಳುತ್ತಾ ಕೂರಲು ಅವತ್ತು ಹೊತ್ತಿರಲಿಲ್ಲ.

ಮಿಷಿನ್ ಗುಂಡಿ ಒತ್ತುವುದನ್ನು ಯಾರಿಗೆ ಬೇಕಾದರೂ ಮೂರು ತಿಂಗಳಲ್ಲಿ ಕಲಿಸಬಹುದು. "ಆಗಲ್ಲ" ಅನ್ನುವುದಕ್ಕೆ ಆ ಬಣ್ಣದ ಹಿಂದಿನ ರಸಾಯನಶಾಸ್ತ್ರ ಗೊತ್ತಿರಬೇಕು. ಮೊದಲ ವರ್ಷದಲ್ಲಿ ನಾವು ಗೊಣಗಿಕೊಂಡು ಓದಿದ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ನನಗೆ ಕೆಲಸಕ್ಕೆ ಬಂದದ್ದು ಹೀಗೆ. ಡಯಾಲಿಸಿಸ್‌ಗೆಂದು ಕೈಯ ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾ ಮೇಲೆ ಕೈ ಇಟ್ಟರೆ ಬೆಕ್ಕು ಗುರುಗುಟ್ಟಿದ ಹಾಗೆ ಬೆರಳಿಗೆ ತಿಳಿಯಬೇಕು. ಆ ಗುರುಗುಟ್ಟು ನಿಂತಿದ್ದರೆ ಸೂಜಿ ಚುಚ್ಚದೆ ಡಾಕ್ಟರಿಗೆ ಫೋನ್ ಮಾಡಬೇಕು. ಯಾಕೆ ನಿಲ್ಲುತ್ತದೆ ಅನ್ನುವುದು ರಕ್ತನಾಳದ ಪಾಠ ಓದಿದವಳಿಗೆ ಬೇಗ ಹೊಳೆಯುತ್ತದೆ.

ನಾನು ಪಾವಗಡದ ಕಡೆಯವಳು. ನೀಟ್ ಬರಲಿಲ್ಲ, ಎರಡನೇ ಸಲ ಬರೆಯಲು ಮನೆಯಲ್ಲಿ ದುಡ್ಡೂ ಇರಲಿಲ್ಲ, ನನಗೆ ತಾಳ್ಮೆಯೂ ಇರಲಿಲ್ಲ. ಕೋರ್ಸಿನ ಹೆಸರು ಹೇಳಲು ನಮ್ಮಪ್ಪನಿಗೆ ಬರುತ್ತಿರಲಿಲ್ಲ. ಊರಲ್ಲಿ ಕೇಳಿದವರಿಗೆ "ಕಿಡ್ನಿ ಮಿಷಿನ್ ಓದ್ತಾಳೆ" ಅಂತಿದ್ದರು. ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ನಮ್ಮ ಸರ್ಟಿಫಿಕೇಟ್ ಕೊಡುವುದು ಜಯನಗರ 4ನೇ ಟಿ ಬ್ಲಾಕಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. 1996ರಿಂದ ರಾಜ್ಯದ ಎಂಬಿಬಿಎಸ್‌ನವರಿಗೆ ಡಿಗ್ರಿ ಕೊಡುವ ಅದೇ ವಿಶ್ವವಿದ್ಯಾಲಯ. ನಮ್ಮ ಬ್ಯಾಚಿನವರು ಈಗ ಎಲ್ಲೆಲ್ಲೋ ಇದ್ದಾರೆ. ಒಬ್ಬಳು ಎಂಎಸ್ಸಿ ಮಾಡಿ ಪಾಠ ಮಾಡುತ್ತಾಳೆ. ಒಬ್ಬ ಮಿಷಿನ್ ಮಾರುವ ಕಂಪನಿ ಸೇರಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ತರಬೇತಿ ಕೊಡುತ್ತಾನೆ. ಇನ್ನೊಬ್ಬಳು ದುಬೈನ ಲೈಸೆನ್ಸ್ ಪರೀಕ್ಷೆ ಬರೆದು ಅಲ್ಲಿಗೆ ಹೋದಳು. ಎಕ್ಸ್‌ರೇ ವಿಭಾಗ ಸೇರಿದ ನನ್ನ ಹಾಸ್ಟೆಲ್ ಗೆಳತಿ ಎದೆಗೆ ಟಿಎಲ್‌ಡಿ ಬ್ಯಾಡ್ಜ್ ಸಿಕ್ಕಿಸಿಕೊಂಡು ಮೇಲೆ ಸೀಸದ ಏಪ್ರನ್ ತೊಡುತ್ತಾಳೆ. ಮೂರು ತಿಂಗಳಿಗೊಮ್ಮೆ ಆ ಬ್ಯಾಡ್ಜ್ ಕಳಿಸಿ ಮೈಗೆ ಎಷ್ಟು ವಿಕಿರಣ ತಾಗಿದೆ ಅಂತ ನೋಡುತ್ತಾರೆ.

ಸರ್ಕಾರದ ಕಣ್ಣಿಗೂ ನಾವು ಈಗೀಗ ಬೀಳುತ್ತಿದ್ದೇವೆ. ಡಾಕ್ಟರು, ನರ್ಸು, ಫಾರ್ಮಸಿಯವರಿಗೆ ಮೊದಲಿನಿಂದಲೂ ಕೌನ್ಸಿಲ್ ಇದೆ, ನಮಗಿರಲಿಲ್ಲ. 2021ರಲ್ಲಿ ಸಂಸತ್ತು ಅಲೈಡ್ ಮತ್ತು ಆರೋಗ್ಯ ವೃತ್ತಿಗಳಿಗೆಂದೇ ರಾಷ್ಟ್ರೀಯ ಆಯೋಗದ ಕಾಯ್ದೆ ತಂದಿತು. ಥೆರಪಿಸ್ಟು, ವಿಜ್ಞಾನಿ ದರ್ಜೆಯ ಆರೋಗ್ಯ ವೃತ್ತಿಪರರಿಗೆ ಅದು ಕೇಳುವುದು ಡಿಗ್ರಿ, ಕನಿಷ್ಠ 3,600 ಗಂಟೆಯ ಓದು. ಕೆಲಸದ ಮಾತಿಗೆ ಬಂದರೆ, 2016ರಲ್ಲಿ ಪ್ರಧಾನ ಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗಳಿಂದ ಶುರುವಾಯಿತು. ನಮ್ಮ ರಾಜ್ಯದಲ್ಲಿ ಈಗ ತಾಲ್ಲೂಕು ಆಸ್ಪತ್ರೆಗಳಿಗೂ ಡಯಾಲಿಸಿಸ್ ಬಂದಿದೆ.

ಸಂಬಳ? ಮೊದಲ ಸಂಬಳ 12,000, ಅದರಲ್ಲಿ ಪಿಜಿ ಬಾಡಿಗೆ 5,000. ಮೂರು ವರ್ಷ ಕಷ್ಟಪಟ್ಟೆ. ಆಮೇಲೆ ಯೂನಿಟ್ ನೋಡಿಕೊಳ್ಳುವ ಜವಾಬ್ದಾರಿ ಬಂತು. ಆ ಕೆಲಸಕ್ಕೆ ನಮ್ಮಲ್ಲಿ ಡಿಗ್ರಿ ಇದ್ದವರನ್ನೇ ಕರೆದಿದ್ದರು.

ವಿರೋಧ: "ಆಸ್ಪತ್ರೆ ಎಲ್ಲಿದೆ?" ಅಂದರೆ ವೈಫೈ ತೋರಿಸುತ್ತಾರೆ
(ಇಪ್ಪತ್ನಾಲ್ಕು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್, ಓದಿದ್ದು ಡಿಎಂಎಲ್‌ಟಿ, ಅಂದರೆ ಲ್ಯಾಬ್ ಕೆಲಸದ ಡಿಪ್ಲೊಮಾ)

ಮೇಡಂ ಹೇಳಿದ ನೀರಿನ ಕಥೆ ನನಗೂ ಹಿಡಿಸಿತು. ಅಂಥವರು ನಮ್ಮ ಲ್ಯಾಬಿಗೆ ಬಂದರೆ ನಾಳೆಯೇ ಸೇರಿಸಿಕೊಳ್ಳಿ ಅಂತ ನಾನೇ ಶಿಫಾರಸು ಮಾಡುತ್ತೇನೆ. ಆದರೆ ಅವರಿಗೆ ಆ ಧೈರ್ಯ ಬಂದದ್ದು ಬಯೋಕೆಮಿಸ್ಟ್ರಿ ಪುಸ್ತಕದಿಂದಲೋ, ಹನ್ನೊಂದು ವರ್ಷ ಬೆಳಗ್ಗೆ ಐದೂವರೆಗೆ ಆ ಬೀಗ ತೆಗೆದದ್ದರಿಂದಲೋ? ನನಗೆ ಅನುಮಾನ.

ಮೊನ್ನೆಯ ಡೆಂಗಿ ಸೀಸನ್ನಿನ ಒಂದು ರಾತ್ರಿ ಹೇಳುತ್ತೇನೆ. ಏಳು ವರ್ಷದ ಮಗು, ಜ್ವರ. ಮಿಷಿನ್ ಪ್ಲೇಟ್‌ಲೆಟ್ 22,000 ಅಂತ ಪ್ರಿಂಟ್ ಕೊಟ್ಟಿತು. ಕೌಂಟರಿನಲ್ಲಿ ಇಂಟರ್ನ್ ಹುಡುಗಿ, ಬಿಎಸ್ಸಿ ಎಂಎಲ್‌ಟಿ ಕೊನೆ ವರ್ಷ. ನಂಬರ್ ನೋಡಿ ಗಾಬರಿಯಾಗಿ ವಾರ್ಡಿಗೆ ಫೋನ್ ಮಾಡಿಬಿಟ್ಟಳು. ಮಗುವಿನ ಅಪ್ಪ ಬ್ಲಡ್ ಬ್ಯಾಂಕಿಗೆ ಹೊರಟು ಲಿಫ್ಟ್ ಹತ್ತಿರ ನಿಂತಿದ್ದ. ಮಗು ನೋಡಿದರೆ ಮೈಮೇಲೆ ಒಂದು ಚುಕ್ಕೆಯಿಲ್ಲ, ಬಿಸ್ಕತ್ತು ತಿನ್ನುತ್ತಿದೆ. "ಸ್ಮಿಯರ್ ನೋಡಿದೆಯಾ ತಾಯಿ?" ಅಂದೆ. ಇಲ್ಲ. ಗಾಜಿನ ಮೇಲೆ ರಕ್ತ ಎಳೆದು ಬಣ್ಣ ಹಾಕಿ ನೋಡಿದರೆ, ಎಳೆ ಮುಗಿಯುವ ಅಂಚಿನಲ್ಲಿ ಪ್ಲೇಟ್‌ಲೆಟ್‌ಗಳು ದ್ರಾಕ್ಷಿ ಗೊಂಚಲಿನ ಹಾಗೆ ಅಂಟಿಕೊಂಡು ಕೂತಿವೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಹಾಕಿರುವ ಇಡಿಟಿಎ ಕೆಲವರ ರಕ್ತದಲ್ಲಿ ಹೀಗೆ ಮಾಡುತ್ತದೆ. ಗೊಂಚಲನ್ನು ಮಿಷಿನ್ ಪ್ಲೇಟ್‌ಲೆಟ್ ಅಂತ ಎಣಿಸುವುದಿಲ್ಲ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದೆವು. 1,60,000 ಬಂತು. ಆ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ದ್ರಾವಣ ಇರುವುದರಿಂದ 1.1ರಿಂದ ಗುಣಿಸಬೇಕು: 1,76,000. ಲಿಫ್ಟ್ ಹತ್ತಿರ ಹೋಗಿ ಆ ಅಪ್ಪನನ್ನು ವಾಪಸ್ ಕರೆದುಕೊಂಡು ಬಂದೆ.

ಆ ಹುಡುಗಿ ದಡ್ಡಿಯಲ್ಲ. ಇದು ಅವಳ ಪಠ್ಯದಲ್ಲಿತ್ತು, ಪರೀಕ್ಷೆಯಲ್ಲಿ ಬರೆದು ಐದಕ್ಕೆ ಐದು ತೆಗೆದುಕೊಂಡಿದ್ದಳಂತೆ. ಮೂರು ವರ್ಷದಲ್ಲಿ ಅವಳು ಸ್ವಂತ ಕೈಯಲ್ಲಿ ಎಳೆದು ನೋಡಿದ ಸ್ಮಿಯರ್ ಎಷ್ಟು ಅಂತ ಕೇಳಿದೆ. ಬೆರಳು ಮಡಿಸಿ ಎಣಿಸಿದಳು.

ಡಿಗ್ರಿಯ ಬಗ್ಗೆ ನನ್ನ ತಕರಾರು ಇಲ್ಲೇ ಇದೆ. ಆಸ್ಪತ್ರೆಯ ಕೆಲಸ ಕಲಿಯಬೇಕಾದರೆ ಆಸ್ಪತ್ರೆ ಬೇಕು. ವಿಕ್ಟೋರಿಯಾ, ಕಿದ್ವಾಯಿ, ನಿಮ್ಹಾನ್ಸ್‌ನಂಥ ಕಡೆ ಓದುವವರಿಗೆ ಬೆಳಗಾದರೆ ರೋಗಿಗಳ ಸಾಲು ಕಾಣುತ್ತದೆ. ಅವರ ವಿಷಯ ಬಿಡಿ. ಅಲ್ಲಿ ಸೀಟು ಸಿಗುವುದು ಎಷ್ಟು ಜನಕ್ಕೆ? ನಮ್ಮ ಅಕ್ಕನ ಮಗಳು "ಮಾಮ, ಸೇರಲಾ?" ಅಂದಾಗ ಅಕ್ಕನ ಜೊತೆ ನಾನೇ ಕಾಲೇಜು ನೋಡಲು ಹೋಗಿದ್ದೆ. ಊರ ಹೊರಗೆ ಮೂರು ಮಹಡಿ. ಲ್ಯಾಬಿನಲ್ಲಿ ಮೈಕ್ರೋಸ್ಕೋಪುಗಳು ಪ್ಲಾಸ್ಟಿಕ್ ಕವರ್ ಹೊದ್ದು ಮಲಗಿದ್ದವು.

"ಆಸ್ಪತ್ರೆ ಎಲ್ಲಿದೆ?"

"ಟೈ-ಅಪ್ ಇದೆ ಸರ್."

"ದಿನಕ್ಕೆ ಎಷ್ಟು ಸ್ಯಾಂಪಲ್ ಬರುತ್ತೆ ಅಲ್ಲಿ?"

"ಹಾಸ್ಟೆಲ್‌ನಲ್ಲಿ ವೈಫೈ ಇದೆ ಸರ್, ಊಟ ಸೌತ್ ಇಂಡಿಯನ್."

ನಾನು ಬೇಡ ಅಂದೆ. ಹುಡುಗಿ ಅತ್ತಳು, ಅಕ್ಕ ಸರ ಅಡವಿಟ್ಟಳು. ವರ್ಷಕ್ಕೆ ಒಂದೂವರೆ ಲಕ್ಷದ ಹಾಗೆ ಕಟ್ಟಿದರು. ಇಂಟರ್ನ್‌ಶಿಪ್ ಅಂತ ಆ ಟೈ-ಅಪ್ ಆಸ್ಪತ್ರೆಗೆ ಹೋದರೆ, ಬೆಳಗ್ಗೆ ಸ್ಯಾಂಪಲ್ ಕಲೆಕ್ಷನ್, ಮಧ್ಯಾಹ್ನ ಬಿಲ್ಲಿಂಗ್ ಕೌಂಟರ್, ಸಂಜೆ ವಾರ್ಡುಗಳಿಗೆ ರಿಪೋರ್ಟ್ ಹಂಚುವುದು. ಸ್ಟೈಪೆಂಡ್ ಕೇಳಿದವರಿಗೆ "ಕಲಿಯೋಕೆ ಬಂದಿದ್ದೀರಲ್ಲ" ಅಂದರಂತೆ. ಒಂದು ವರ್ಷ ಪುಕ್ಕಟೆ ದುಡಿಸಿಕೊಂಡರು. ಕೆಲಸಕ್ಕೆ ಸೇರಿದ ಕಡೆ ಪಕ್ಕದ ಕುರ್ಚಿಯಲ್ಲಿ ಡಿಎಂಎಲ್‌ಟಿ ಹುಡುಗ, ಇವಳಿಗಿಂತ ಎರಡು ವರ್ಷ ಚಿಕ್ಕವನು. ಇಬ್ಬರಿಗೂ ಸಂಬಳ ಒಂದೇ, ಪಾಳಿ ಒಂದೇ. ಅವನಿಗೆ ಸಾಲವಿಲ್ಲ.

ಡಿಪ್ಲೊಮಾ ಅಂದರೆ ಜನ ಮೂಗು ಮುರಿಯುತ್ತಾರೆ. ನಾನು ಎಸ್ಸೆಸ್ಸೆಲ್ಸಿ ಆದಮೇಲೆ ಸೇರಿದವನು. ನಮಗೆ ಪಾಠ ಕಮ್ಮಿ, ಕೈಕೆಲಸ ಜಾಸ್ತಿ. ಇಂಗ್ಲಿಷಿನ ಉದ್ದುದ್ದ ಪದ ಬರೆಯಲು ಇವತ್ತಿಗೂ ನನಗೆ ತಡವರಿಕೆ, ಒಪ್ಪುತ್ತೇನೆ. ಮೇಡಂ ಹೇಳಿದ 2021ರ ಕಾಯ್ದೆಯನ್ನೇ ತೆಗೆಯಿರಿ. 3,600 ಗಂಟೆಯ ಮಾತು ಬರುವ ಅದೇ ಕಾಯ್ದೆಯಲ್ಲಿ ಟೆಕ್ನಿಷಿಯನ್, ಟೆಕ್ನಾಲಜಿಸ್ಟ್‌ಗಳ ವ್ಯಾಖ್ಯೆಯೂ ಇದೆ. ಡಿಪ್ಲೊಮಾ ಅಥವಾ ಡಿಗ್ರಿ, ಕನಿಷ್ಠ 2,000 ಗಂಟೆ, ಎರಡರಿಂದ ನಾಲ್ಕು ವರ್ಷ. "ಅಥವಾ" ಅನ್ನುವ ಪದ ಕಾಯ್ದೆಯಲ್ಲೇ ಇದೆ. ಅಲೈಡ್ ಹೆಲ್ತ್‌ಗೆ ಸೇರಿಸಿ ಅನ್ನುವ ನೆಂಟರು ಅದನ್ನು ಹೇಳುವುದಿಲ್ಲ.

ಇನ್ನೊಂದಿದೆ. ಈ ಕ್ಲಾಸುಗಳಲ್ಲಿ ಕೂತವರಲ್ಲಿ ಅರ್ಧ ಜನಕ್ಕೆ ಮನಸ್ಸು ಇನ್ನೂ ಎಂಬಿಬಿಎಸ್ ಮೇಲೇ ಇರುತ್ತದೆ ಅಂತ ನನ್ನ ಅಂದಾಜು. ನಮ್ಮಲ್ಲಿಗೆ ಬರುವ ಇಂಟರ್ನ್‌ಗಳನ್ನು ನೋಡಿ ಹೇಳುತ್ತಿದ್ದೇನೆ, ಲೆಕ್ಕ ಹಾಕಿದ್ದಲ್ಲ. ಮನೆಯವರು "ಡಾಕ್ಟರ್ ಆಗದಿದ್ದರೂ ಡಾಕ್ಟರ ಪಕ್ಕದಲ್ಲಿ ಇರುತ್ತಾಳೆ" ಅಂತ ಸಮಾಧಾನ ಹೇಳಿ ಕಳಿಸಿರುತ್ತಾರೆ. ಪಕ್ಕದಲ್ಲಿರುವುದು ಅಂದರೆ ಏನು ಅಂತ ಮೊದಲ ರಾತ್ರಿ ಪಾಳಿಯಲ್ಲಿ ಗೊತ್ತಾಗುತ್ತದೆ: ಕಫದ ಡಬ್ಬಿ, ಮಲದ ಸ್ಯಾಂಪಲ್, ಎರಡು ಗಂಟೆಗೆ ಫೋನಿನಲ್ಲಿ "ರಿಪೋರ್ಟ್ ಎಲ್ರೀ?" ಅಂತ ಕೂಗುವ ಡ್ಯೂಟಿ ಡಾಕ್ಟರ್. ಇದರಲ್ಲಿ ನನಗೆ ಬೇಸರವಿಲ್ಲ. ಆದರೆ ಇದನ್ನು ಕಾಣಲು ನಾಲ್ಕು ವರ್ಷ, ಆರು ಲಕ್ಷ ಯಾಕೆ?

ಪರ್ಫ್ಯೂಷನ್, ರೇಡಿಯೋಥೆರಪಿ ಬೇರೆ ಮಾತು. ಹೃದಯ ನಿಲ್ಲಿಸಿ ಮಿಷಿನ್ನಿನಲ್ಲಿ ರಕ್ತ ಓಡಿಸುವವನು ಆಳವಾಗಿ ಓದಿಯೇ ಬರಲಿ, ಅಲ್ಲಿ ನಾನು ಮೇಡಂ ಕಡೆಯೇ. ಲ್ಯಾಬಿಗೆ, ಎಕ್ಸ್‌ರೇಗೆ ಎಲ್ಲರನ್ನೂ ಅದೇ ಅಳತೆಯಲ್ಲಿ ಅಳೆಯುವುದು ನನಗೆ ಒಪ್ಪಿಗೆಯಿಲ್ಲ.

ಅಕ್ಕನ ಮಗ ಈ ವರ್ಷ ಸೆಕೆಂಡ್ ಪಿಯುಸಿ. ಹೋದ ವಾರ ಅಕ್ಕ ಫೋನ್ ಮಾಡಿ, "ಇವನನ್ನೂ ಅದಕ್ಕೇ ಸೇರಿಸಲೇನೋ?" ಅಂದಳು. ಅರ್ಜಿ ಹಾಕುವ ಮೊದಲು ಅವನನ್ನು ಒಂದು ಶನಿವಾರ ರಾತ್ರಿ ನನ್ನ ಹತ್ತಿರ ಕಳಿಸು, ಲ್ಯಾಬ್ ಕಿಟಕಿ ಆಚೆಯ ಬೆಂಚಿನ ಮೇಲೆ ಬೆಳಗಿನವರೆಗೂ ಕೂತು ನೋಡಲಿ, ಸ್ವೆಟರ್ ತರಲಿ, ಏಸಿ ಜಾಸ್ತಿ ಅಂದೆ.